ನಜರ್‌ಬಾದಿನ ಸರ್ಟಿಫಿಕೇಟು

ಶಿಡ್ಲಘಟ್ಟ
೯ ಆಗಸ್ಟ್ ೧೯೯೮

ಚಿ. ಬಿಂದುಶ್ರೀಗೆ ಅಪ್ಪಾಜಿಯ ಆಶೀರ್ವಾದಗಳು.

ಸುಖವಾಗಿ ಬಂದು ಸೇರಿದೆ ಅಂತ ಬರೆದರೆ ಅರ್ಧ ಸುಳ್ಳಾಗುತ್ತದೆ. ಬಂದು ಸೇರಿದ್ದು ನಿಜ. ಬೆಂಗಳೂರಿನಲ್ಲಿ ನಿನ್ನನ್ನೂ ಅಮ್ಮನನ್ನೂ ಮೈಸೂರು ಬಸ್ಸು ಹತ್ತಿಸಿದಾಗ ನೀನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ತಪ್ಪು ನಿನ್ನದಲ್ಲ, ನನ್ನದೂ ಅಲ್ಲ. ಕೌನ್ಸೆಲಿಂಗಿನಲ್ಲಿ ನಿನ್ನ ರ‍್ಯಾಂಕ್ ಕೂಗುವ ಹೊತ್ತಿಗೆ ಡೆಂಟಲ್ ಸೀಟುಗಳ ಮುಂದೆ ಸೊನ್ನೆ ಬಿದ್ದಾಗಿತ್ತು. ಕೊನೆಯ ಸೀಟು ಸಿಕ್ಕವನಿಗೂ ನಿನಗೂ ನಡುವೆ ಇಪ್ಪತ್ತಾರು ಜನ, ಅಷ್ಟೇ. ಇಪ್ಪತ್ತಾರು ಜನರನ್ನು ಒಂದು ವರ್ಷದಲ್ಲಿ ಹಿಂದೆ ಹಾಕುವುದು ನಿನಗೆ ಕಷ್ಟವಲ್ಲ ಕಣಮ್ಮ.

ಆ ಬಿ.ಎಸ್ಸಿ. ಸೀಟು ಬಿಟ್ಟುಬಿಡು. ಎರಡು ದೋಣಿಯ ಮೇಲೆ ಕಾಲಿಡುವ ಅಭ್ಯಾಸ ನಮ್ಮ ಮನೆಯಲ್ಲಿ ಬೇಡ. ಬೆಳಿಗ್ಗೆ ಲಕ್ಷ್ಮೀಪುರಂನಲ್ಲಿ ಕೋಚಿಂಗಿಗೆ ಸೇರು. ಸಂಜೆ ನಾಲ್ಕರಿಂದ ಎಂಟರವರೆಗೆ ನಜರ್‌ಬಾದಿನಲ್ಲಿ ಡಾ. ಪ್ರಭುಸ್ವಾಮಿಯವರ ಹಲ್ಲಿನ ಕ್ಲಿನಿಕ್ಕಿಗೆ ಹೋಗು. ನಾನು ಅವರ ಹತ್ತಿರ ಮಾತಾಡಿದ್ದೇನೆ.

ಯಾಕೆ ಅಂದರೆ, ನಮ್ಮ ಮಠದ ಟ್ರಸ್ಟು ನಡೆಸುವ ಡೆಂಟಲ್ ಕಾಲೇಜಿನಲ್ಲಿ ಭಕ್ತರ ಮಕ್ಕಳಿಗೆ ಅಂತ ನಾಲ್ಕು ಸೀಟು ತೆಗೆದಿಡುತ್ತಾರೆ. ರ‍್ಯಾಂಕೂ ನೋಡುತ್ತಾರೆ, ಏನು ಸೇವೆ ಮಾಡಿದ್ದೀಯ ಅಂತಲೂ ಕೇಳುತ್ತಾರೆ. ಅದಕ್ಕೆ ಸರ್ಟಿಫಿಕೇಟು ಬೇಕು. ಡಾಕ್ಟರ ಮಾತಿಗೆ ಟ್ರಸ್ಟಿನಲ್ಲಿ ಬೆಲೆಯಿದೆ. ನಮ್ಮವರೇ, ದೇವರಂಥ ಮನುಷ್ಯ.

ಪಕ್ಕದ ಮನೆಯ ಫೋನಿನಲ್ಲಿ ಇದನ್ನೆಲ್ಲ ಕೂಗಿ ಹೇಳುವುದು ಚೆನ್ನಾಗಿರುವುದಿಲ್ಲ, ಪತ್ರ ಬರೆ. ಸರಿಯಾಗಿ ಊಟ ಮಾಡು.

ನಿನ್ನ ಅಪ್ಪಾಜಿ
ಸಿದ್ದಲಿಂಗಸ್ವಾಮಿ


ಒಂಟಿಕೊಪ್ಪಲ್, ಮೈಸೂರು
೩೦ ಆಗಸ್ಟ್ ೧೯೯೮

ಅಪ್ಪಾಜಿಯವರಿಗೆ ಬಿಂದು ಮಾಡುವ ನಮಸ್ಕಾರಗಳು.

ಬಿ.ಎಸ್ಸಿ. ಬಿಟ್ಟೆ. ಕಾಲೇಜಿನ ಗುಮಾಸ್ತರು ಎರಡು ಸಲ ಕೇಳಿದರು, ಯೋಚನೆ ಮಾಡಿದ್ದೀಯೇನಮ್ಮ ಅಂತ. ನಮ್ಮ ಮನೆಯಲ್ಲಿ ಯೋಚನೆ ಮಾಡುವವರು ಶಿಡ್ಲಘಟ್ಟದಲ್ಲಿದ್ದಾರೆ ಅಂತ ಹೇಳಬೇಕು ಅನ್ನಿಸಿತು, ಹೇಳಲಿಲ್ಲ.

ಕ್ಲಿನಿಕ್ಕು ಹೇಗಿದೆ ಅಂತ ಕೇಳುತ್ತೀರಿ. ಒಂದೇ ಕುರ್ಚಿ, ಹೊರಗೆ ಎರಡು ಬೆಂಚು, ಬೆಂಚು ತುಂಬಾ ಕೆನ್ನೆ ಹಿಡಿದುಕೊಂಡ ಜನ. ಸಂಜೆಗೆ ನಲವತ್ತು ಜನಕ್ಕೆ ಕಡಿಮೆಯಿಲ್ಲ. ಡಾಕ್ಟರ ಕೈ ಬಹಳ ಚುರುಕು. ಬಡವರ ಹತ್ತಿರ ಕೊಟ್ಟಷ್ಟು ಇಸಕೊಳ್ಳುತ್ತಾರೆ. ನೀವು ಹೇಳಿದ್ದು ನಿಜ, ಒಳ್ಳೆಯವರು. ಆದರೆ ಯಾವಾಗಲೂ ಅವಸರ.

ಕಾಂಪೌಂಡರ್ ಪುಟ್ಟಮಾದಯ್ಯನವರಿಗೆ ಕಣ್ಣಿಗೆ ಪೊರೆ ಬಂದಿದೆ. ಅದಕ್ಕೇ ಉಪಕರಣ ತೊಳೆಯುವುದು, ಕುದಿಸುವುದು ಈಗ ನನ್ನ ಕೆಲಸ. ಹಲ್ಲು ಕೀಳುವ ಇಕ್ಕಳ, ಸಿರಿಂಜು, ಸೂಜಿ ಎಲ್ಲವನ್ನೂ ಬ್ರಷ್ ಹಾಕಿ ಉಜ್ಜಿ, ಕರೆಂಟಿನ ಪೆಟ್ಟಿಗೆಯಲ್ಲಿ ಇಪ್ಪತ್ತು ನಿಮಿಷ ಕುದಿಸಬೇಕು. ಮೊದಲ ದಿನ ರಕ್ತ ನೋಡಿ ಮುಖ ತಿರುಗಿಸಿಕೊಂಡೇ ಉಜ್ಜಿದೆ. ಈಗ ಇಲ್ಲ. ಖುಷಿಯಾಗಿದೆ ಅಪ್ಪಾಜಿ, ನಿಜವಾಗಿ. ಬಾಯಿ ತೆರೆಸಿ ಒಳಗೆ ನೋಡಿದಾಗಲೆಲ್ಲ, ನನಗೆ ಬೇಕಾದದ್ದು ಇದೇ ಅನ್ನಿಸುತ್ತದೆ. ಅಮ್ಮನಿಗೂ ಹೇಳಿದೆ. ಅಮ್ಮ, ಕೈ ತೊಳೆದುಕೊಂಡು ಅಡುಗೆಮನೆಗೆ ಬಾ ಅಂದರು.

ನಿಮ್ಮ ಮಗಳು
ಬಿಂದುಶ್ರೀ


ಒಂಟಿಕೊಪ್ಪಲ್
೪ ಅಕ್ಟೋಬರ್ ೧೯೯೮

ಅಪ್ಪಾಜಿಯವರಿಗೆ ನಮಸ್ಕಾರಗಳು.

ದಸರೆಗೆ ನೀವು ಬರಲಿಲ್ಲ ಅಂತ ಅಮ್ಮ ಮುನಿಸಿಕೊಂಡಿದ್ದಾರೆ. ಒಬ್ಬಟ್ಟು ಮಾಡಿದರು, ತಿನ್ನುವಾಗ ನಿಮ್ಮ ಹೆಸರು ಎತ್ತಲಿಲ್ಲ.

ಒಂದು ವಿಷಯ ಕೇಳಬೇಕು. ಹಬ್ಬದ ವಾರ ನಜರ್‌ಬಾದಿನಲ್ಲಿ ಕ್ಲಿನಿಕ್ಕಿನ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಅರಮನೆಗೆ ಲಕ್ಷ ದೀಪ, ನಮಗೆ ಮೇಣದ ಬತ್ತಿ. ಊರಿಗೆಲ್ಲ ನೆಂಟರು ಬಂದಿದ್ದರಿಂದ ಹಲ್ಲು ನೋವಿನವರೂ ಜಾಸ್ತಿ. ಮಂಗಳವಾರ ಸಂಜೆ ಪೆಟ್ಟಿಗೆ ಬಿಸಿಯಾಗುವ ಮೊದಲೇ ಕರೆಂಟು ಹೋಯಿತು. ನಾನು ಸೀಮೆಎಣ್ಣೆ ಸ್ಟವ್ ತರಲಾ ಅಂತ ಕೇಳಿದೆ. ಡಾಕ್ಟರು ಬೇಡ ಅಂದರು. ಲೋಷನ್‌ನಲ್ಲಿ ಅದ್ದಿ ಒರೆಸಿ ಕೊಡು, ಜನ ಕಾಯುತ್ತಿದ್ದಾರೆ ಅಂದರು. ಕೊಟ್ಟೆ. ಒಬ್ಬರ ಬಾಯಿಂದ ತೆಗೆದದ್ದನ್ನು ಅದ್ದಿ, ಒರೆಸಿ, ಇನ್ನೊಬ್ಬರಿಗೆ. ಸೂಜಿಯನ್ನೂ. ಹೀಗೆ ಅವತ್ತು ಹಲ್ಲು ಕೀಳಿಸಿಕೊಂಡ ಒಂಬತ್ತು ಜನಕ್ಕೆ.

ಕೊನೆಯವರು ಜವರಪ್ಪ ಅಂತ, ಅಲ್ಲೇ ಹತ್ತಿರ ಒಂದು ಬಂಗಲೆಯಲ್ಲಿ ತೋಟದ ಮಾಲಿ. "ನೋಯಿಸ್ಬುಟ್ಟೀಯಾ ಡಾಕ್ಟ್ರವ್ವಾ?" ಅಂತ ನನ್ನನ್ನು ಕೇಳಿದರು. ನನ್ನನ್ನು ಯಾರಾದರೂ ಡಾಕ್ಟರ್ ಅಂದದ್ದು ಅದೇ ಮೊದಲು. ಬಾಯಿ ಮುಕ್ಕಳಿಸಲು ನೀರು ಕೊಟ್ಟೆ. ಹೆಂಡತಿ ಮಂಗಳಮ್ಮ ಸೆರಗಿನಿಂದ ಅವರ ಬಾಯಿ ಒರೆಸಿ ಕರೆದುಕೊಂಡು ಹೋದರು.

ನೀವು ಮೈಸೂರಿನಲ್ಲಿ ರೇಷ್ಮೆ ಮೊಟ್ಟೆ ಕೇಂದ್ರದಲ್ಲಿದ್ದಾಗ ಒಂದು ತಾಯಿ ಚಿಟ್ಟೆಗೆ, ಮೊಟ್ಟೆಗೂ ಹರಡುವ ಗಂಟುರೋಗ ಕಂಡರೆ ಇಡೀ ಮೊಟ್ಟೆಯ ಹಾಳೆ ಸುಡಿಸುತ್ತಿದ್ದಿರಿ. ರೈತರು ಕಾಲಿಗೆ ಬಿದ್ದರೂ ಕೇಳುತ್ತಿರಲಿಲ್ಲ. ನೀವಾಗಿದ್ದರೆ ಮಂಗಳವಾರ ಏನು ಮಾಡುತ್ತಿದ್ದಿರಿ?

ಬಿಂದು


ಶಿಡ್ಲಘಟ್ಟ
೧೧ ಅಕ್ಟೋಬರ್ ೧೯೯೮

ಚಿ. ಬಿಂದುಶ್ರೀಗೆ ಆಶೀರ್ವಾದ.

ಹುಳುವೇ ಬೇರೆ, ಮನುಷ್ಯರೇ ಬೇರೆ. ಡಾಕ್ಟರು ಇಪ್ಪತ್ತು ವರ್ಷದಿಂದ ಹಲ್ಲು ಕೀಳುತ್ತಿದ್ದಾರೆ, ನೀನು ಎರಡು ತಿಂಗಳಿಂದ ನೋಡುತ್ತಿದ್ದೀಯ. ಲೋಷನ್ ಸಾಕು ಅಂತ ಅವರಿಗೆ ಗೊತ್ತಿಲ್ಲದೆ ಹೇಳುತ್ತಾರೆಯೇ? ನಿನ್ನ ಕೆಲಸ ಹೇಳಿದಷ್ಟು ಮಾಡುವುದು.

ಇಂಥದ್ದನ್ನೆಲ್ಲ ಪತ್ರದಲ್ಲಿ ಬರೆಯಬೇಡ. ಇಲ್ಲಿ ನನ್ನ ಟಪಾಲು ರೇಷ್ಮೆಗೂಡಿನ ಮಾರುಕಟ್ಟೆಯ ಆಫೀಸಿಗೆ ಬರುತ್ತದೆ, ನಾಲ್ಕು ಜನರ ಕೈ ದಾಟಿ ಬರುತ್ತದೆ.

ಫಿಸಿಕ್ಸ್ ಟೆಸ್ಟಿನಲ್ಲಿ ಎಷ್ಟು ಬಂತು ಅಂತ ನೀನು ಬರೆದೇ ಇಲ್ಲ.

ಅಪ್ಪಾಜಿ


ಒಂಟಿಕೊಪ್ಪಲ್
೧೭ ಜನವರಿ ೧೯೯೯

ಅಪ್ಪಾಜಿಯವರಿಗೆ ನಮಸ್ಕಾರಗಳು.

ಸಂಕ್ರಾಂತಿಗೆ ನೀವು ಬಂದಾಗಲೇ ಹೇಳಬೇಕು ಅಂತಿದ್ದೆ. ನೀವು ಎರಡೂ ದಿನ ಮನೆಗೆ ಬಂದವರಿಗೆಲ್ಲ ನನ್ನನ್ನು ಮುಂದಿನ ಡಾಕ್ಟರು ಅಂತ ತೋರಿಸುತ್ತಿದ್ದಿರಿ. ಪತ್ರದಲ್ಲಿ ಬರೆಯಬೇಡ ಅಂದಿದ್ದೀರಿ, ಆದರೂ ಬರೆಯುತ್ತಿದ್ದೇನೆ.

ಜವರಪ್ಪ ಹಬ್ಬದ ಹಿಂದಿನ ವಾರ ಕ್ಲಿನಿಕ್ಕಿಗೆ ಬಂದಿದ್ದರು. ಹಲ್ಲಿಗಲ್ಲ. ಹೊಟ್ಟೆ ನೋವಿಗೆ ಯಾವ ಡಾಕ್ಟರು ಒಳ್ಳೆಯವರು ಅಂತ ಕೇಳಲು. ಕಣ್ಣು ಪೂರ್ತಿ ಹಳದಿ. ಕಾಮಾಲೆ. ಊರಿನ ಕಡೆ ಸೊಪ್ಪಿನ ಔಷಧ ಕುಡಿಸುತ್ತೇನೆ ಅಂತ ಮಂಗಳಮ್ಮ ಕರೆದುಕೊಂಡು ಹೋದರು. ದೊಡ್ಡಾಸ್ಪತ್ರೆಗೆ ತೋರಿಸಿ ಅಂದೆ. ಕೇಳಿಸಿಕೊಂಡರೋ ಇಲ್ಲವೋ.

ಅವರೊಬ್ಬರೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಟೈಪಿಂಗ್ ಇನ್‌ಸ್ಟಿಟ್ಯೂಟಿನ ಸುಷ್ಮಾ ಅಂತ ಒಬ್ಬ ಹುಡುಗಿ, ಅವಳಿಗೂ ಕಾಮಾಲೆ. ಹೆಸರು ಬರೆದುಕೊಳ್ಳುವ ಪುಸ್ತಕ ತೆಗೆದು ನೋಡಿದೆ. ಅವಳೂ ಆ ಮಂಗಳವಾರವೇ ಬಂದಿದ್ದಳು. ಆ ದಿನದಿಂದ ಇವತ್ತಿನವರೆಗೆ ಹದಿನೇಳು ಸಂಜೆ ಕರೆಂಟು ಹೋಗಿದೆ ಅಪ್ಪಾಜಿ. ಹದಿನೇಳು ಸಂಜೆಯೂ ನಾನು ಅದ್ದಿ ಒರೆಸಿ ಕೊಟ್ಟಿದ್ದೇನೆ. ತಾರೀಖುಗಳನ್ನು ಕೆಮಿಸ್ಟ್ರಿ ನೋಟ್ಸಿನ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದೇನೆ.

ಡಾಕ್ಟರಿಗೆ ಹೇಳಿದೆ. ಅವರು ನಕ್ಕರು, ಮೈಸೂರಿನಲ್ಲಿ ಕಾಮಾಲೆ ಬಂದವರೆಲ್ಲ ನನ್ನ ಕುರ್ಚಿಯಲ್ಲೇ ಕೂತಿದ್ದರಾ ಅಂತ ಕೇಳಿದರು. ಆಮೇಲೆ ನಗುವುದು ಬಿಟ್ಟು, ಇದನ್ನು ಇನ್ಯಾರಿಗೆ ಹೇಳಿದ್ದೀಯ ಅಂದರು. ಯಾರಿಗೂ ಇಲ್ಲ ಅಂದೆ.

ನನಗೆ ಭಯವಾಗುತ್ತಿದೆ. ಕ್ಲಿನಿಕ್ಕು ಬಿಟ್ಟುಬಿಡಲಾ? ಕೋಚಿಂಗಿನಲ್ಲಿ ಚೆನ್ನಾಗಿ ಮಾಡುತ್ತಿದ್ದೇನೆ, ರ‍್ಯಾಂಕಿನ ಮೇಲೇ ಸೀಟು ಸಿಕ್ಕರೂ ಸಿಗಬಹುದು.

ಬಿಂದು


ಶಿಡ್ಲಘಟ್ಟ
೨೪ ಜನವರಿ ೧೯೯೯

ಚಿ. ಬಿಂದುಶ್ರೀಗೆ ಆಶೀರ್ವಾದ.

ಸಿಕ್ಕರೂ ಸಿಗಬಹುದು ಅಂತ ಹೋದ ವರ್ಷವೂ ಅಂದುಕೊಂಡಿದ್ದೆವು. ಇನ್ನು ಮೂರು ತಿಂಗಳು. ಈಗ ಬಿಟ್ಟರೆ ಐದು ತಿಂಗಳ ದುಡಿಮೆ ನೀರಿಗೆ ಹಾಕಿದ ಹಾಗೆ. ಡಾಕ್ಟರಿಗೆ ಬೇಜಾರಾದರೆ ಸರ್ಟಿಫಿಕೇಟಿನ ಕಥೆ ಮುಗಿಯಿತು, ಬಿ.ಎಸ್ಸಿ.ಯೂ ಇಲ್ಲ. ಆಮೇಲೆ ನೀನು ಮನೆಯಲ್ಲಿ ಕೂತು ಅಮ್ಮನ ಜೊತೆ ಹಪ್ಪಳ ಒತ್ತಬೇಕಾಗುತ್ತದೆ. ಕಾಮಾಲೆ ನೀರಿನಿಂದ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಅದು ತಲೆಯಿಂದ ತೆಗೆದು ಹಾಕು.

ಈಗ ಮುಖ್ಯ ವಿಷಯ. ಟ್ರಸ್ಟಿನ ಆಫೀಸಿನಲ್ಲಿ ನನಗೆ ಪರಿಚಯದವರೊಬ್ಬರಿದ್ದಾರೆ, ಶಿವರುದ್ರಪ್ಪ ಅಂತ. ಹೋದ ವರ್ಷದ ಅರ್ಜಿಗಳಲ್ಲಿ ಎಲ್ಲರೂ 'ಸಹಾಯ ಮಾಡಿದ್ದಾರೆ' ಅಂತಲೇ ಬರೆಸಿಕೊಂಡು ಬಂದಿದ್ದರಂತೆ. ಕಸ ಗುಡಿಸಿದವರೂ ಸಹಾಯ, ಕೂತೆದ್ದು ಹೋದವರೂ ಸಹಾಯ. ಅಂಥದ್ದಕ್ಕೆ ಅಂಕ ಕೊಡುವುದಿಲ್ಲ. ಗಟ್ಟಿಯಾಗಿರಬೇಕು ಅಂದರು. ಇಪ್ಪತ್ತೆಂಟು ವರ್ಷ ಸರ್ಕಾರಿ ಕಾಗದ ಬರೆದವನು ನಾನು, ಕೂತು ಒಂದು ಕರಡು ಮಾಡಿದ್ದೇನೆ. ಜೊತೆಯಲ್ಲಿಟ್ಟಿದ್ದೇನೆ. ಈ ಸಾಲು ಮಾತ್ರ ಹೀಗೇ ಬರಬೇಕು, ಒಂದಕ್ಷರ ಬದಲಾಗಬಾರದು: 'ಆಗಸ್ಟ್ ೧೯೯೮ರಿಂದ ಚಿಕಿತ್ಸಾಲಯದ ಎಲ್ಲ ಉಪಕರಣಗಳ ಶುದ್ಧೀಕರಣದ ಸಂಪೂರ್ಣ ಹೊಣೆಯನ್ನು ಕು. ಬಿಂದುಶ್ರೀ ಸ್ವತಂತ್ರವಾಗಿ ನಿರ್ವಹಿಸಿದ್ದಾರೆ.'

ಡಾಕ್ಟರ ಲೆಟರ್‌ಹೆಡ್ಡಿನಲ್ಲಿ ಟೈಪ್ ಮಾಡಿಸಿ ಸಹಿ ಹಾಕಿಸು. ನಗುಮುಖದಿಂದ ಕೇಳು.

ಅಪ್ಪಾಜಿ


ಒಂಟಿಕೊಪ್ಪಲ್
೧೪ ಮಾರ್ಚ್ ೧೯೯೯

ಅಪ್ಪಾಜಿಯವರಿಗೆ ನಮಸ್ಕಾರಗಳು.

ಎರಡು ಸುದ್ದಿ. ಯಾವುದನ್ನು ಮೊದಲು ಬರೆಯಬೇಕು ಅಂತ ತಿಳಿಯದೆ ಮೂರು ದಿನ ಕಳೆದೆ.

ಜವರಪ್ಪ ತೀರಿಕೊಂಡರು. ಶಿವರಾತ್ರಿಯ ಮಾರನೇ ದಿನವಂತೆ. ಕೊನೆಗೆ ದೊಡ್ಡಾಸ್ಪತ್ರೆಗೇ ತಂದಿದ್ದರು, ಅಷ್ಟರಲ್ಲಿ ಪ್ರಜ್ಞೆಯೇ ಇರಲಿಲ್ಲ. ಮಂಗಳಮ್ಮ ಕ್ಲಿನಿಕ್ಕಿಗೆ ಬಂದಿದ್ದರು. ಆಸ್ಪತ್ರೆಯಲ್ಲಿ, ಸೂಜಿ ಎಲ್ಲಿ ಹಾಕಿಸಿಕೊಂಡಿದ್ದರು ಅಂತ ಕೇಳಿದರಂತೆ, ಯಾವತ್ತು ಹಲ್ಲು ಕಿತ್ತದ್ದು ಅಂತ ಒಂದು ಚೀಟಿ ಬೇಕಿತ್ತು. ಡಾಕ್ಟರು ಪುಸ್ತಕ ಸಿಗುತ್ತಿಲ್ಲ, ಇನ್ನೊಂದು ದಿನ ಬನ್ನಿ ಅಂದರು. ಪುಸ್ತಕ ನನ್ನ ಎದುರಿಗೇ ಇತ್ತು. ನಾನು ಅದರ ಮೇಲೆ ಕೈ ಇಟ್ಟುಕೊಂಡು ಸುಮ್ಮನೆ ಕೂತಿದ್ದೆ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಇನ್ನೊಂದು ಸುದ್ದಿ, ಸರ್ಟಿಫಿಕೇಟು ಸಿಕ್ಕಿತು. ನಿಮ್ಮ ಕರಡು ಕೊಟ್ಟಾಗ ಡಾಕ್ಟರು ಏನಾದರೂ ಅನ್ನುತ್ತಾರೆ ಅಂದುಕೊಂಡಿದ್ದೆ, ಹತ್ತೊಂಬತ್ತು ವರ್ಷದ ಹುಡುಗಿಗೆ ಸಂಪೂರ್ಣ ಹೊಣೆಯೇ ಅಂತ. ನಿಧಾನವಾಗಿ ಎರಡು ಸಲ ಓದಿದರು. ಅವರು ಯಾವುದನ್ನಾದರೂ ನಿಧಾನವಾಗಿ ಮಾಡಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಆಮೇಲೆ ನನ್ನ ಮುಖ ನೋಡಿ, ನಿಮ್ಮ ತಂದೆ ಬಹಳ ಚೆನ್ನಾಗಿ ಬರೆದಿದ್ದಾರೆ ಅಂದರು. ಎರಡು ಪ್ರತಿ ಟೈಪ್ ಮಾಡಿಸಿದರು. ಒಂದು ನನಗೆ ಕೊಟ್ಟರು. ಇನ್ನೊಂದಕ್ಕೆ, ತಲುಪಿದೆ ಅಂತ ನನ್ನ ಸಹಿ ಹಾಕಿಸಿಕೊಂಡು ಬೀರುವಿನೊಳಗಿಟ್ಟು ಬೀಗ ಹಾಕಿದರು.

ನನಗೆ ಅದು ಯಾಕೋ ಸರಿ ಕಾಣಲಿಲ್ಲ. ನಿಮಗೆ ಏನನ್ನಿಸುತ್ತದೆ?

ಬಿಂದು


ಶಿಡ್ಲಘಟ್ಟ
೨೨ ಮಾರ್ಚ್ ೧೯೯೯

ಚಿ. ಬಿಂದುಗೆ ಆಶೀರ್ವಾದ.

ಬಹಳ ಸಂತೋಷ. ಕೊಟ್ಟ ಕಾಗದದ ಪ್ರತಿ ಇಟ್ಟುಕೊಳ್ಳುವುದು ಯಾವ ಆಫೀಸಿನಲ್ಲೂ ಇರುವ ಪದ್ಧತಿ, ಅದರಲ್ಲಿ ಸರಿ ಕಾಣದೇ ಇರುವುದು ಏನೂ ಇಲ್ಲ. ಮೂರು ಜೆರಾಕ್ಸ್ ಮಾಡಿಸಿ, ಅಟೆಸ್ಟ್ ಮಾಡಿಸಿ, ಅರ್ಜಿಯ ಜೊತೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸು. ಇನ್ನು ಕ್ಲಿನಿಕ್ಕು ಸಾಕು. ಪುಸ್ತಕ ಬಿಟ್ಟು ತಲೆ ಎತ್ತಬೇಡ.

ಆ ಮಾಲಿಯ ವಿಷಯ ಕೇಳಿ ಮನಸ್ಸಿಗೆ ನೋವಾಯಿತು.

ಅಪ್ಪಾಜಿ


ಒಂಟಿಕೊಪ್ಪಲ್
೧೩ ಜೂನ್ ೧೯೯೯

ಅಪ್ಪಾಜಿಯವರಿಗೆ ನಮಸ್ಕಾರಗಳು.

ಸಿ.ಇ.ಟಿ. ರ‍್ಯಾಂಕ್ ಫೋನಿನಲ್ಲಿ ಹೇಳಿದ್ದೆನಲ್ಲ. ಹೋದ ಸಲಕ್ಕಿಂತ ಚೆನ್ನಾಗಿದೆ, ಆದರೆ ಸರ್ಕಾರಿ ಸೀಟಿಗೆ ಸಾಲದು ಅಂತ ಕೋಚಿಂಗಿನವರು ಹೇಳುತ್ತಾರೆ. ಈಗ ಉಳಿದಿರುವುದು ಟ್ರಸ್ಟಿನ ನಾಲ್ಕು ಸೀಟು ಮಾತ್ರ. ಸಂದರ್ಶನಕ್ಕೆ ಕರೆ ಬಂದಿದೆ, ಇದೇ ಇಪ್ಪತ್ತೈದು, ಶುಕ್ರವಾರ.

ಇನ್ನೊಂದು ಕರೆಯೂ ಬಂದಿದೆ. ಆರೋಗ್ಯ ಇಲಾಖೆಯಿಂದ. ಇಪ್ಪತ್ತೊಂಬತ್ತು, ಮಂಗಳವಾರ, ಬೆಳಿಗ್ಗೆ ಹತ್ತೂವರೆಗೆ.

ಪುಟ್ಟಮಾದಯ್ಯನವರು ಮನೆ ಹುಡುಕಿಕೊಂಡು ಬಂದು ಎಲ್ಲ ಹೇಳಿದರು. ಮಂಗಳಮ್ಮ ಆಸ್ಪತ್ರೆಯ ಮುಂದೆ ಕೂತು ಬಿಡದೆ ಕೇಳಿದ್ದರಿಂದ ಇಲಾಖೆಯವರು ಕ್ಲಿನಿಕ್ಕಿಗೆ ಬಂದರಂತೆ. ಜವರಪ್ಪ, ಸುಷ್ಮಾ ಸೇರಿ ಐದು ಜನರ ಹೆಸರು ಅವರ ಹತ್ತಿರವಿದೆ. ಉಪಕರಣ ಕುದಿಸುತ್ತಿದ್ದದ್ದು ಯಾರು ಅಂತ ಮೊದಲ ಪ್ರಶ್ನೆ. ಡಾಕ್ಟರು ಬೀರು ತೆಗೆದು ನನ್ನ ಸಹಿ ಇರುವ ಆ ಪ್ರತಿ ಮೇಜಿನ ಮೇಲಿಟ್ಟರಂತೆ. "ನಾನು ಅಲ್ಲೇ ನಿಂತಿದ್ದೆ ಕೂಸೇ, ಅಂಗಲ್ಲ ಸ್ವಾಮಿ ಅನ್ನೋಕೆ ಬಾಯೇ ಬರ್ಲಿಲ್ಲ" ಅಂತ ಆ ಮುದುಕರು ಅತ್ತರು. ಅವರಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ ಹೇಳಿ.

ಅಪ್ಪಾಜಿ, ನನಗೆ ಊಟ ಸೇರುತ್ತಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ. ಏನು ಮಾಡಲಿ, ಬೇಗ ಬರೆಯಿರಿ.

ಬಿಂದು


ಶಿಡ್ಲಘಟ್ಟ
೧೭ ಜೂನ್ ೧೯೯೯

ಬಿಂದು,

ಇದನ್ನು ಓದಿ ಹರಿದುಹಾಕು.

ಹೆದರಬೇಡ. ಎರಡು ಕಚೇರಿ, ಎರಡು ಕಡತ. ಒಂದರಲ್ಲಿ ಏನಿದೆ ಅಂತ ಇನ್ನೊಂದು ನೋಡುವುದಿಲ್ಲ, ನಾನು ಜೀವಮಾನ ಪೂರ್ತಿ ಇದನ್ನೇ ಕಂಡಿದ್ದೇನೆ. ಶುಕ್ರವಾರ ಸಂದರ್ಶನದಲ್ಲಿ ಸರ್ಟಿಫಿಕೇಟಿನಲ್ಲಿ ಇರುವುದೆಲ್ಲ ನಿಜ ಅಂತ ಧೈರ್ಯವಾಗಿ ಹೇಳು. ಸೀಟು ಸಿಗಲಿ. ಮಂಗಳವಾರ ಇಲಾಖೆಯವರ ಮುಂದೆ, ನಾನು ಬರೀ ಹೆಸರು ಬರೆದುಕೊಳ್ಳುತ್ತಿದ್ದೆ, ಅದು ಸೀಟಿಗೆ ಅಂತ ಮಾಡಿಸಿದ ಕಾಗದ, ಉಪಕರಣ ನಾನು ಮುಟ್ಟಿಯೇ ಇಲ್ಲ ಅಂತ ಹೇಳು. ಆ ತಾರೀಖಿನ ಹಾಳೆ ಸುಡು. ಜನವರಿಯ ನನ್ನ ಪತ್ರ, ಕರಡು, ಎರಡನ್ನೂ ಸುಡು. ನನ್ನ ಕೈಬರಹ ಎಲ್ಲೂ ಇರಬಾರದು. ನನಗಿನ್ನು ನಾಲ್ಕು ವರ್ಷ ಸರ್ವೀಸ್ ಇದೆ.

ಗೂಡಿನ ಸೀಸನ್, ರಜೆ ಸಿಗುವುದಿಲ್ಲ, ನಾನು ಬರುವುದು ಕಷ್ಟ. ನೀನು ಜಾಣೆ, ನಿಭಾಯಿಸುತ್ತೀಯ.

ಅಪ್ಪಾಜಿ


ಒಂಟಿಕೊಪ್ಪಲ್
೨೭ ಜೂನ್ ೧೯೯೯

ಅಪ್ಪಾಜಿಯವರಿಗೆ ನಮಸ್ಕಾರಗಳು.

ನೀವು ಹೇಳಿದ ಹಾಗೇ ಮಾಡಲು ಹೊರಟಿದ್ದೆ. ಅದನ್ನು ಮೊದಲು ಹೇಳಿಬಿಡುತ್ತೇನೆ, ನನ್ನನ್ನು ಬಹಳ ಒಳ್ಳೆಯವಳು ಅಂದುಕೊಳ್ಳಬೇಡಿ.

ಸಂದರ್ಶನದ ಕೋಣೆಯಲ್ಲಿ ಮೇಜಿನ ಹಿಂದೆ ಐದು ಜನ ಕೂತಿದ್ದರು. ಐದನೆಯವರು ಡಾ. ಪ್ರಭುಸ್ವಾಮಿ. ಈ ವರ್ಷ ಅವರನ್ನೂ ಸಮಿತಿಗೆ ಸೇರಿಸಿಕೊಂಡಿದ್ದಾರಂತೆ. ಉಳಿದವರು ಹಲ್ಲು ಎಷ್ಟು, ಬೇರು ಎಷ್ಟು ಅಂತ ಕೇಳಿದರು, ಎಲ್ಲಕ್ಕೂ ಉತ್ತರ ಕೊಟ್ಟೆ. ಕೊನೆಗೆ ಅವರು ನನ್ನ ಸರ್ಟಿಫಿಕೇಟು ಎತ್ತಿಕೊಂಡು, ಬಹಳ ಮೆತ್ತಗೆ, ಎಲ್ಲರಿಗೂ ಕೇಳುವ ಹಾಗೆ ಕೇಳಿದರು.

"ಉಪಕರಣ ಶುದ್ಧಿ ಮಾಡೋ ಹೊಣೆ ಪೂರ್ತಿ ನಿಮ್ಮದೇ ಆಗಿತ್ತಲ್ವೇನಮ್ಮ?"

"ಹೌದು ಸಾರ್" ಅಂದೆ.

ಒಂದು ವರ್ಷದಿಂದ ಆ ಕೋಣೆಗಾಗಿಯೇ ಬದುಕಿದ್ದೆನಲ್ಲ ಅಪ್ಪಾಜಿ, ಯೋಚಿಸುವ ಮೊದಲೇ ಬಾಯಿಂದ ಬಂದುಬಿಟ್ಟಿತು. ಪಕ್ಕದಲ್ಲಿ ಕೂತಿದ್ದ ಗುಮಾಸ್ತರು ಅದನ್ನು ಬರೆದುಕೊಂಡರು. ಓದಿ ಹೇಳಿ, ಸಹಿ ಹಾಕಿ ಅಂದರು. ಹಾಕಿದೆ. ಡಾಕ್ಟರು, ಇದರದ್ದೊಂದು ಪ್ರತಿ ನನಗೂ ಇರಲಿ ಅಂದರು. ಮಂಗಳವಾರ ಇಲಾಖೆಯವರ ಮುಂದಿಡಲು ಅಂತ ಆಗ ನನಗೆ ತಿಳಿಯಿತು. ನೀವು ಎರಡು ಕಚೇರಿ ಅಂದಿರಿ, ಎರಡಕ್ಕೂ ಕಾಗದ ಕೊಡುವವರು ಅವರೇ.

ಸೀಟು ಸಿಕ್ಕಿದೆ. ಸಂಜೆ ಬೋರ್ಡಿಗೆ ಪಟ್ಟಿ ಹಾಕಿದರು, ನನ್ನದು ಎರಡನೇ ಹೆಸರು. ನಿಮಗೆ ಫೋನ್ ಮಾಡಬೇಕು ಅಂತ ಅನ್ನಿಸಲೇ ಇಲ್ಲ.

ನಿನ್ನೆ ನಜರ್‌ಬಾದಿಗೆ ಹೋಗಿ ಮಂಗಳಮ್ಮನ ಮನೆ ಹುಡುಕಿದೆ. ಯಾಕೆ ಹೋದೆ ಅಂತ ನನಗೂ ಸರಿಯಾಗಿ ಗೊತ್ತಿಲ್ಲ. ಅವರು ನನ್ನ ಗುರುತು ಹಿಡಿದು ಚಾಪೆ ಹಾಸಿದರು. ಇಲಾಖೆಯವರ ಹತ್ತಿರ ನನ್ನ ವಿಷಯ ಹೇಳಿದ್ದಾರಂತೆ. "ಆ ಮಗ ಒಬ್ಳೇ ಕಣ್ರವ್ವ ಅಲ್ಲಿ ನ್ಯಾಯವಾಗಿ ತೊಳೆದು ಕೊಡೋಳು, ಅವ್ಳೇ ಎಲ್ಲಾ ಮಾಡೋಳು ಅಂದೆ" ಅಂದರು. ನನಗೆ ಒಳ್ಳೆಯದಾಗಲಿ ಅಂತಲೇ ಹೇಳಿದ್ದು ಅವರು. ನನಗೆ ಅಲ್ಲಿ ಕೂರಲಾಗಲಿಲ್ಲ. ಆ ಮಂಗಳವಾರ ನಾನು ಕುದಿಸಿರಲಿಲ್ಲ ಅಮ್ಮ, ಇನ್ನೊಬ್ಬರಿಗೆ ಹಾಕಿದ ಸೂಜಿಯನ್ನೇ ಒರೆಸಿ ಕೊಟ್ಟೆ ಅಂತ ಹೇಳಿಬಿಟ್ಟೆ. ಬಯ್ಯುತ್ತಾರೆ ಅಂತ ಕಾದೆ. ನಾನು ಎದ್ದು ಹೊರಗೆ ಬಂದ ಮೇಲೆ ಬಾಗಿಲು ಹಾಕಿಕೊಂಡರು.

ಯಾವುದನ್ನೂ ಸುಟ್ಟಿಲ್ಲ ಅಪ್ಪಾಜಿ. ನಾಡಿದ್ದು ಎಲ್ಲವನ್ನೂ ತೆಗೆದುಕೊಂಡು ಹೋಗುತ್ತೇನೆ. ತೊಳೆದದ್ದು ನಾನೇ, ಈ ಈ ದಿನ ಕುದಿಸಲಿಲ್ಲ, ಬೇಡ ಅಂದವರು ಡಾಕ್ಟರು, ತಪ್ಪು ಅಂತ ಗೊತ್ತಿದ್ದೂ ಸುಮ್ಮನಿದ್ದದ್ದು ನಾನು ಅಂತ ಹೇಳುತ್ತೇನೆ. ಸೀಟು ಉಳಿಯುವುದಿಲ್ಲ. ನನ್ನ ಮೇಲೆ ಕೇಸೂ ಆಗಬಹುದು, ನಾನೇ ಸಹಿ ಹಾಕಿದ್ದೇನಲ್ಲ. ಆ ಸಾಲು ಯಾರು ಬರೆದದ್ದು ಅಂತ ಕೇಳಿಯೇ ಕೇಳುತ್ತಾರೆ. ನಿಮ್ಮ ಹೆಸರು ಹೇಳುತ್ತೇನೆ. ನಿಮ್ಮ ಮೇಲೆ ನನಗೆ ಸಿಟ್ಟಿದೆ, ಆದರೆ ಸಿಟ್ಟಿಗೆ ಹೇಳುತ್ತಿಲ್ಲ. ಹೇಳದಿದ್ದರೆ ಇನ್ನೊಂದು ಸುಳ್ಳಿಗೆ ನಾನು ಸಹಿ ಹಾಕಿದ ಹಾಗಾಗುತ್ತದೆ.

ಈ ಪತ್ರ ನಿಮಗೆ ಮಂಗಳವಾರದೊಳಗೆ ಮುಟ್ಟಲಿ ಅಂತ, ಭಾನುವಾರವಾದರೂ ರೈಲ್ವೆ ಸ್ಟೇಷನ್ನಿನ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ಬರುವುದು, ಬಿಡುವುದು ನಿಮಗೆ ಸೇರಿದ್ದು.

ಇವತ್ತು ಬೆಳಿಗ್ಗೆ ಅಮ್ಮನಿಗೆ ಎಲ್ಲ ಹೇಳಿ, ನಿಮ್ಮ ಪತ್ರಗಳನ್ನೂ ಕೊಟ್ಟೆ. ಅಮ್ಮ ಒಂದೊಂದನ್ನೂ ಓದಿದರು, ಓದಿ ಮಡಿಸಿ ಇಟ್ಟರು. ನಾನು ಕೇಳಿದೆ, ಅಪ್ಪಾಜಿ ಬರುತ್ತಾರಾ ಅಂತ.

"ಬರ್ತಾರೋ ಇಲ್ವೋ ನಂಗೊತ್ತಿಲ್ಲ ಕಣೆ" ಅಂದರು. "ನಾನಂತೂ ಬರ್ತೀನಿ. ನೀನು ಒಬ್ಳೇ ಹೋಗ್ಬೇಡ."

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಯ ಸಿಟಿ ಬಸ್ಸಿಗೆ ಹೊರಡುತ್ತೇವೆ.

ಬಿಂದುಶ್ರೀ